ಕಥೆ ಆಡುವವನ ಕೈಲಿದ್ದರೂ ಅದು ಕಲೆಯೇ

ದಾವಣಗೆರೆಯ ದೃಶ್ಯಕಲಾ ಕಾಲೇಜಿನಲ್ಲಿ ಓದುತ್ತಿರುವ ನೀವು ಕೇಳಿರೋದು ಇಷ್ಟು: ವಿಡಿಯೋ ಗೇಮ್‌ನಲ್ಲಿ ಕಥೆ ಆಡುವವನ ಕೈಲಿರುತ್ತೆ, ಹಾಗಿದ್ದ ಮೇಲೆ ಅದನ್ನು ಕಲೆ ಅನ್ನೋದು ಹೇಗೆ?

ನನಗಂತೂ ಅದರ ಕಲೆ ಇರೋದೇ ಅಲ್ಲಿ. 2013ರ ‘ಪೇಪರ್ಸ್, ಪ್ಲೀಸ್’ ಅನ್ನೋ ಗೇಮ್ ಆಡಿ ನೋಡಿ. ನೀವು ಗಡಿಯಲ್ಲಿ ಕೂತು ಪಾಸ್‌ಪೋರ್ಟಿಗೆ ಮುದ್ರೆ ಒತ್ತುವವರು. ಗಂಡನ ಕಾಗದಪತ್ರ ಸರಿ ಇದೆ, ಒಳಗೆ ಬಿಡ್ತೀರಿ. ಹಿಂದೆಯೇ ಬಂದ ಹೆಂಡತಿಯ ಹತ್ತಿರ ಪ್ರವೇಶಪತ್ರ ಇಲ್ಲ. ಬಿಟ್ಟರೆ ನಿಮಗೆ ತಪ್ಪಿನ ಚೀಟಿ. ಚೀಟಿ ಜಾಸ್ತಿಯಾದರೆ ಸಂಬಳ ಕಟ್, ಮನೆಯವರ ಊಟ, ಔಷಧಿಗೆ ದುಡ್ಡು ಸಾಲದು. ಸಿನಿಮಾ ಆಗಿದ್ದರೆ ಆ ಅಧಿಕಾರಿಯನ್ನು ಬೈದು ಸುಮ್ಮನಾಗಬಹುದಿತ್ತು. ಇಲ್ಲಿ ಮುದ್ರೆ ನಿಮ್ಮ ಕೈಲೇ ಇದೆ. ಆಯ್ಕೆ ನಿಮ್ಮದು, ಆದರೆ ಆ ಇಕ್ಕಟ್ಟನ್ನು ಕಟ್ಟಿಟ್ಟವನು ಬೇರೆ.

ನಮ್ಮ ಕಡೆಯ ಕಂಪನಿ ನಾಟಕಗಳಲ್ಲೂ ಜನ ‘ಒನ್ಸ್ ಮೋರ್’ ಕೂಗಿದರೆ ಹಾಡು ಮತ್ತೆ ಶುರುವಾಗ್ತಿತ್ತು. ಅದನ್ನು ಕಲೆ ಅನ್ನೋಕೆ ಯಾರಿಗೂ ಅಡ್ಡಿಯಾಗಲಿಲ್ಲ, ಅಲ್ವಾ?

ಮೇಷ್ಟ್ರು ಒಪ್ಪದಿದ್ದರೆ ಹೇಳಿ: ನ್ಯೂಯಾರ್ಕ್‌ನ ಆಧುನಿಕ ಕಲಾ ಮ್ಯೂಸಿಯಂ 2012ರಲ್ಲೇ ಪ್ಯಾಕ್‌ಮ್ಯಾನ್, ಟೆಟ್ರಿಸ್ ಸೇರಿ 14 ಗೇಮ್‌ಗಳನ್ನು ತನ್ನ ಸಂಗ್ರಹಕ್ಕೆ ತಗೊಂಡಿತು. (ವಿನ್ಯಾಸದ ವಿಭಾಗಕ್ಕೆ ಅನ್ನೋದನ್ನೂ ಮರೆಮಾಚಬೇಡಿ.) ಹಾಗಂತ ಎಲ್ಲ ಗೇಮೂ ಕಲೆಯಲ್ಲ. ಎರಡು ನಿಮಿಷಕ್ಕೊಮ್ಮೆ ಕಾಯಿನ್ ಕೊಳ್ಳಿ ಅಂತ ಪೀಡಿಸೋ ಮೊಬೈಲ್ ಗೇಮನ್ನು ನಾನಂತೂ ಆ ಸಾಲಿಗೆ ಸೇರಿಸಲ್ಲ.