ಬ್ರಿಟನ್ನಿನಲ್ಲಿ ಪ್ಲಾಟ್‌ಫಾರ್ಮ್ ತುದಿಯಲ್ಲಿ ನಿಂತು ರೈಲು ನೋಡುತ್ತಿದ್ದವರಿಗೆ 1970–80ರ ದಶಕಗಳು ಯಾಕೆ ಇಷ್ಟು ಕಾಡುತ್ತವೆ?

ರೈಲು ನೋಡುವುದೇ ಅವರ ಹವ್ಯಾಸ, ಬೇಕಿದ್ದದ್ದು ಎಂಜಿನ್ನಿನ ನಂಬರ್. ಎಲ್ಲ ನಂಬರ್‌ಗಳೂ ಅಚ್ಚಾದ ಪುಟ್ಟ ಪುಸ್ತಕ ಜೇಬಿನಲ್ಲಿರುತ್ತಿತ್ತು. ಕಂಡದ್ದರ ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆಯುವುದು. ಅಲ್ಲಿಯವರೆಗೆ ಕಾಣದ ನಂಬರ್ ಸಿಕ್ಕರೆ ಅದು 'ಕಾಪ್'.

1968ರ ಆಗಸ್ಟ್‌ನಲ್ಲಿ ಸರ್ಕಾರಿ ರೈಲು ಸಂಸ್ಥೆ ಬ್ರಿಟಿಷ್ ರೈಲ್ ತನ್ನ ಮುಖ್ಯ ಮಾರ್ಗಗಳಲ್ಲಿ ಉಗಿ ಎಂಜಿನ್ ನಿಲ್ಲಿಸಿತು. ಹುಚ್ಚು ಅಲ್ಲಿಗೇ ಇಳಿಯಲಿಲ್ಲ, ಡೀಸೆಲ್ ಕಡೆಗೆ ಹೊರಳಿತು. ಡೆಲ್ಟಿಕ್ ಎಂಬ ಡೀಸೆಲ್ ರೈಲು ಎಂಜಿನ್ನನ್ನೇ ತಗೊಳ್ಳಿ. ಇದ್ದದ್ದು ಬರೀ 22. ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಎಡಿನ್‌ಬರೋ ಕಡೆಗೆ ಓಡುತ್ತಿದ್ದವು. ಒಂದೊಂದರ ಒಳಗೂ ನೇಪಿಯರ್ ಕಂಪನಿಯ ಎರಡು ಡೀಸೆಲ್ ಯಂತ್ರ, ಒಟ್ಟು 3,300 ಅಶ್ವಶಕ್ತಿ. ಹೊರಡುವಾಗ ಹೊಗೆ ಕಾರಿ ಗುಡುಗುತ್ತಿದ್ದವು. ಕೆಲವಕ್ಕೆ ರೇಸ್ ಕುದುರೆಗಳ ಹೆಸರು, ಉಳಿದವಕ್ಕೆ ಸೇನಾ ರೆಜಿಮೆಂಟ್‌ಗಳದ್ದು. 1982ರ ಜನವರಿ 2ರಂದು ಕೊನೆಯ ಓಟ. ಕ್ಲಾಸ್ 50 ಎಂಬ ಇನ್ನೊಂದು ಬಗೆಯ ಡೀಸೆಲ್ ಎಂಜಿನ್‌ಗಳ ಸದ್ದು ಕಸ ಎಳೆಯುವ ಮೆಷಿನ್ನಿನಂತಿತ್ತು, ಹಾಗಾಗಿ ಅವಕ್ಕೆ ಆ ಮೆಷಿನ್ನಿನ ಒಂದು ಬ್ರ್ಯಾಂಡ್ ಹೆಸರಾದ 'ಹೂವರ್' ಎಂಬ ಅಡ್ಡಹೆಸರೇ ಬಿತ್ತು.

ಆಮೇಲೆ ಬೇರೆ ಎಂಜಿನ್ ಬೇಡದ, ಬೋಗಿಗಳಡಿಯಲ್ಲೇ ಮೋಟಾರ್ ಇರುವ ರೈಲುಗಳು ಹೆಚ್ಚಿದವು. 1990ರ ದಶಕದ ಮಧ್ಯದಲ್ಲಿ ಖಾಸಗೀಕರಣವೂ ಆಯಿತು: ಬಣ್ಣ ನೂರು, ಮುಖ ಒಂದೇ. (ಹಳೆಯ ರೈಲುಗಳ ಬಗ್ಗೆ ದಿನಾ ಓಡಾಡುತ್ತಿದ್ದ ಪ್ರಯಾಣಿಕರನ್ನು ಕೇಳಿದರೆ ಬೇರೆಯದೇ ಕಥೆ ಹೇಳಿಯಾರು!)

ನನ್ನ ಪ್ರಕಾರ ದೊಡ್ಡ ಕಾರಣ ಕಾಯುವ ಸುಖ. ಈಗ ಯಾವ ರೈಲು ಎಲ್ಲಿದೆ ಅಂತ ಫೋನ್ ಹೇಳಿಬಿಡುತ್ತದೆ. ಆಗ ದೂರದ ತಿರುವಿನಲ್ಲಿ ಎಂಜಿನ್ನಿನ ಹಳದಿ ಮೂತಿ ಕಾಣಬೇಕು, ಹತ್ತಿರ ಬರಬೇಕು, ನಂಬರ್ ಓದಬೇಕು. ಅಲ್ಲಿಯ ತನಕ ಎದೆ ಢವಢವ.