ಇಸಬು ಹೊಟ್ಟೆಯೊಳಗಿನ ನಂಜಾ?

ಸಕಲೇಶಪುರದ ತಾಯಿಯೊಬ್ಬರು ಬರೆದಿದ್ದಾರೆ: ನಾಲ್ಕು ವರ್ಷದ ಮಗನಿಗೆ ಮೊಣಕೈ, ಮಂಡಿ ಮಡಿಚುವ ಕಡೆಯೆಲ್ಲ ಇಸಬು. ರಾತ್ರಿಯಿಡೀ ಕೆರೆದುಕೊಳ್ಳುತ್ತಾನೆ. "ಹೊಟ್ಟೆಯೊಳಗಿನ ನಂಜು" ಅಂತ ಅತ್ತೆ ತಿಂಗಳಿಂದ ಹಾಲು, ಮೊಟ್ಟೆ, ಬದನೆಕಾಯಿ ಬಿಡಿಸಿದ್ದಾರೆ. ಮೆಡಿಕಲ್ ಶಾಪಿನವರು 'ಒಳ್ಳೆ ಬ್ಯಾಕ್ಟೀರಿಯಾ' ಪುಡಿ ಕೊಟ್ಟಿದ್ದಾರೆ. ಯಾರನ್ನು ನಂಬಲಿ?

ಸಂಪಾದಕರ ಉತ್ತರ: ನಾನು ಡಾಕ್ಟರ್ ಅಲ್ಲ, ಓದಿ ತಿಳಿದಿದ್ದನ್ನು ಹೇಳುತ್ತೇನೆ. ಹೊಟ್ಟೆ ಆಮೇಲೆ, ಮೊದಲು ಚರ್ಮ ನೋಡೋಣ.

ಚರ್ಮದ ಮೇಲೆ ಬ್ಯಾಕ್ಟೀರಿಯಾ ಸದಾ ಇರುತ್ತವೆ, ಇರಲೂಬೇಕು. ಸ್ಟಫೈಲೊಕಾಕಸ್ ಎಪಿಡರ್ಮಿಡಿಸ್ ಅನ್ನೋದು ಹೆಚ್ಚಾಗಿ ತನ್ನ ಪಾಡಿಗೆ ಇರುವಂಥದ್ದು. ಅದರ ದಾಯಾದಿ ಸ್ಟಫೈಲೊಕಾಕಸ್ ಆರಿಯಸ್ ಮಾತ್ರ ತಂಟೆಕೋರ. ಇಸಬು ಕೆರಳಿದಾಗ ಇದೇ ಜಾಸ್ತಿಯಾಗಿ ಉಳಿದವು ಮೂಲೆಗುಂಪಾಗುತ್ತವೆ. ಚಿಕಿತ್ಸೆ ಕೊಟ್ಟರೆ ಎಲ್ಲವೂ ಮರಳಿ ಬರುತ್ತವೆ ಅಂತ 2012ರಲ್ಲಿ ಅಮೆರಿಕದ ಸಂಶೋಧಕರು ಮಕ್ಕಳ ಚರ್ಮದಲ್ಲೇ ತೋರಿಸಿದರು. 2023ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗ ಇನ್ನೊಂದು ಹೇಳಿತು: ಆರಿಯಸ್ ಬಿಡುವ ಒಂದು ಕಿಣ್ವ ನೇರವಾಗಿ ನರವನ್ನೇ ಕೆಣಕಿ ತುರಿಕೆ ಹುಟ್ಟಿಸುತ್ತದೆ. ಮಗು ಹಠಕ್ಕೆ ಕೆರೆಯುತ್ತಿಲ್ಲ, ಬೈಯಬೇಡಿ.

ಆರಿಯಸ್‌ಗೆ ಜಾಗ ಸಿಗೋದು ಚರ್ಮವೆಂಬ ಗೋಡೆ ಬಿರುಕು ಬಿಟ್ಟಿದ್ದಕ್ಕೆ. ಚರ್ಮವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನು ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ. ಇದು ಗೊತ್ತಾಗಿದ್ದು 2006ರಲ್ಲಿ.

ಹೊಟ್ಟೆಗೂ ಚರ್ಮಕ್ಕೂ ನಂಟೇ ಇಲ್ಲ ಅಂತಲ್ಲ. 2001ರಲ್ಲಿ ಫಿನ್ಲೆಂಡಿನಲ್ಲಿ ಬಸುರಿಯರಿಗೆ, ಆಮೇಲೆ ಹಸುಗೂಸುಗಳಿಗೆ ಪುಡಿಯಲ್ಲಿರುವಂಥ 'ಒಳ್ಳೆ ಬ್ಯಾಕ್ಟೀರಿಯಾ' ಕೊಟ್ಟಾಗ ಎರಡು ವರ್ಷದ ಹೊತ್ತಿಗೆ ಇಸಬು ಅರ್ಧಕ್ಕರ್ಧ ಕಡಿಮೆ ಕಂಡಿತು. ಆದರೆ ಅದು ಬರದಂತೆ ತಡೆಯುವ ಪ್ರಯತ್ನ. ಬಂದಮೇಲೆ ಕೊಟ್ಟರೆ? ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆ ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿತು. ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ. ಎರಡನೇ ಡಬ್ಬಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಅತ್ತೆಯವರ ಪಥ್ಯಕ್ಕೆ ನನ್ನ ಒಪ್ಪಿಗೆ ಇಲ್ಲ. ಕೆಲವು ಮಕ್ಕಳಿಗೆ ಹಾಲು, ಮೊಟ್ಟೆ ಆಗಿಬರುವುದಿಲ್ಲ, ನಿಜ. ಅಂಥವರಿಗೆ ತಿಂದ ಸ್ವಲ್ಪ ಹೊತ್ತಿಗೇ ದದ್ದು, ತುಟಿ ಊತ, ವಾಂತಿ ಬರುವುದುಂಟು. ಅನುಮಾನದ ಮೇಲೆ ಎಲ್ಲ ಬಿಡಿಸಿದರೆ ಬೆಳೆಯುವ ಮಗು ಸೊರಗುತ್ತದೆ, ಅಲ್ವಾ? ಈಗ ತಿಂಗಳು ಬಿಟ್ಟಾಗಿದೆ, ಹಾಲು-ಮೊಟ್ಟೆ ಮತ್ತೆ ಕೊಡುವ ಮುಂಚೆ ಡಾಕ್ಟರನ್ನು ಕೇಳಿ.

ನನಗೆ ಅನುಮಾನ ನಿಮ್ಮ ಬಚ್ಚಲುಮನೆ ಮೇಲೆ. ಮಲೆನಾಡಿನ ಹಂಡೆ ನೀರು ಗೊತ್ತಲ್ಲ, ಮೈ ಕೆಂಪಾದರೇ ಸ್ನಾನ! ಆ ಬಿಸಿಗೆ ಚರ್ಮದ ಜಿಡ್ಡೆಲ್ಲ ಹೋಗುತ್ತದೆ. ಉಗುರುಬೆಚ್ಚಗಿನ ನೀರು, ಐದರಿಂದ ಹತ್ತು ನಿಮಿಷ ಸಾಕು. ಮಾಮೂಲಿ ಸೋಪು ಕ್ಷಾರ, ಅದರ ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕಡಿಮೆಯಾದರೆ ಹುಳಿ) 9-10. ಚರ್ಮದ್ದು ಸುಮಾರು 5, ಆರಿಯಸ್‌ಗೆ ಆ ಹುಳಿ ಆಗುವುದಿಲ್ಲ. ಸೀಗೆಪುಡಿ, ಕಡ್ಲೆಹಿಟ್ಟು ಹಾಕಿ ಉಜ್ಜುವುದೂ ಬೇಡ. ಟವೆಲಿನಲ್ಲಿ ಒತ್ತಿ ಒರೆಸಿ, ಮೈ ಇನ್ನೂ ಪಸೆಯಿರುವಾಗಲೇ ವಾಸನೆಯಿಲ್ಲದ ಮಾಯಿಶ್ಚರೈಸರ್ ದಪ್ಪಗೆ ಹಚ್ಚಿ. ಡಾಕ್ಟರ್ ಸ್ಟೀರಾಯ್ಡ್ ಮುಲಾಮು ಬರೆದರೆ ಹೆದರಿ ಅರ್ಧಕ್ಕೆ ನಿಲ್ಲಿಸಬೇಡಿ.

ಕೆರೆದ ಜಾಗದಲ್ಲಿ ಹಳದಿ ನೀರು ಸೋರಿ ಹಕ್ಕಳೆ ಕಟ್ಟಿದರೆ, ಜ್ವರ ಬಂದರೆ, ಅವತ್ತೇ ಹಾಸನದ ಬಸ್ಸು ಹತ್ತಿ.