40 ಸಲ ನೋಡಿದರೂ ಕೈಗೆ ಹತ್ತದ ಹೊಲಿಗೆ

'ಎಷ್ಟು ಸಲ ನೋಡಿದರೂ ಕಲಿಯಲು ಆಗುತ್ತಿಲ್ಲ' ಎನ್ನುವ ದೂರು ಹೊತ್ತು ಆಪ್ತಸಲಹೆಗೆ ನನ್ನ ಹತ್ತಿರ ಬರುವವರು ಜಾಸ್ತಿ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಕೆಲಸ ಬಿಟ್ಟು ಹೊಲಿಗೆ ಕಲಿಯಲು ಹೊರಟಿದ್ದರು. ಕಾಲರ್ ಹೊಲಿಯುವ ಒಂದೇ ವಿಡಿಯೊವನ್ನು 40 ಸಲ ನೋಡಿದ್ದರಂತೆ. ಮೆಷಿನ್ ಮುಂದೆ ಕೂತರೆ ಮಾತ್ರ ಹೊಲಿಗೆ ಸೊಟ್ಟ. "ನನ್ನ ಕೈಗೆ ಏನೂ ಹತ್ತಲ್ಲ ಮೇಡಂ, ಹುಟ್ಟಿದ್ದೇ ಹೀಗೆ" ಅಂತ ಅತ್ತರು. ಮೊದಲೆರಡು ಭೇಟಿಯಲ್ಲಿ ನಾನು ಬರೀ ಸಮಾಧಾನ ಹೇಳಿದೆ. ದಂಡ.

ಮೂರನೇ ಸಲ ಸುಮ್ನೆ ಕೇಳಿದೆ, "ವಿಡಿಯೊದಲ್ಲಿ ಅವರ ಎಡಗೈ ಏನು ಮಾಡುತ್ತೆ?"

ಉತ್ತರ ಇಲ್ಲ. 40 ಸಲ ನೋಡಿದ್ದು ಸೂಜಿಯನ್ನು! ಫೋನ್ ತೆಗೆಸಿ, ದನಿ ನಿಲ್ಲಿಸಿ, ಎಡಗೈ ಒಂದನ್ನೇ ನೋಡಿ ಎಂದೆ. ಅರ್ಧ ನಿಮಿಷವಾಗಿತ್ತು, ಅಷ್ಟೇ. "ಅಯ್ಯೋ, ಅವರು ಬಟ್ಟೆ ಎಳೀತಾನೇ ಇಲ್ವಲ್ಲ! ಕೈ ಸುಮ್ನೆ ಇಟ್ಟಿದ್ದಾರೆ." ಹೌದು, ಬಟ್ಟೆಯನ್ನು ಮುಂದೆ ಸಾಗಿಸುವುದು ಸೂಜಿಯ ಕೆಳಗಿರುವ ಮೆಷಿನ್ನಿನ ಹಲ್ಲುಗಳು, ಕೈ ದಾರಿ ತೋರಿಸಿದರೆ ಸಾಕು. ಇವರು ಮಾತ್ರ ಇಷ್ಟು ದಿನ ಎಳೆದಿದ್ದೇ ಎಳೆದಿದ್ದು.

ನೋಡಿ ಕಲಿಯುವುದರ ಬಗ್ಗೆ ಹೆಚ್ಚು ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ನಾಲ್ಕು ಹಂತ ಹೇಳುತ್ತಾರೆ: ಗಮನ, ನೆನಪು, ಮಾಡಿ ನೋಡುವುದು, ಮಾಡಬೇಕೆನ್ನುವ ಆಸೆ. ಈಕೆಗೆ ಆಸೆ ಬೇಕಾದಷ್ಟಿತ್ತು, ಎಡವಿದ್ದು ಮೊದಲ ಮೆಟ್ಟಿಲಲ್ಲೇ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೇಜಿನ ಮೇಲಿನ ಪಾತ್ರೆ ಅಲುಗದಂತೆ ಕೆಳಗಿನ ಬಟ್ಟೆ ಎಳೆಯುವ ಚಮತ್ಕಾರವನ್ನು ಕೆಲವರಿಗೆ ಒಂದೇ ಸಲ, ಕೆಲವರಿಗೆ 20 ಸಲ ತೋರಿಸಿದರು. 20 ಸಲ ನೋಡಿದವರಿಗೆ 'ನನಗೂ ಬರುತ್ತೆ' ಎನ್ನುವ ನಂಬಿಕೆ ಹೆಚ್ಚಿತ್ತು. ಬೇರೆ ಕೌಶಲಗಳನ್ನು ಹೀಗೇ ತೋರಿಸಿ, ಮಾಡಿಸಿ ನೋಡಿದಾಗ ನಂಬಿಕೆ ಬೆಳೆದಷ್ಟು ಕೈ ಪಳಗಿರಲಿಲ್ಲ. ಆ ಸುಳ್ಳು ನಂಬಿಕೆ ಮುರಿದಾಗಲೇ ಜನ ತಮ್ಮನ್ನು ದಡ್ಡರು ಅಂದುಕೊಳ್ಳುವುದು, ಅಲ್ವಾ?

ನಾನು ಹೇಳಿದ್ದಿಷ್ಟು. ಒಂದು ಸಲಕ್ಕೆ ಒಂದೇ ವಿಷಯ ನೋಡಿ, ಫೋನ್ ಮುಚ್ಚಿ, ಕಂಡದ್ದನ್ನು ಬಾಯಲ್ಲಿ ಹೇಳಿ, ತಕ್ಷಣ ಮಾಡಿ. ಬಟ್ಟೆ ಬೇಡ, ಗೆರೆ ಇರುವ ಕಾಗದದ ಮೇಲೆ ದಾರ ಹಾಕದೆ ಹೊಲಿಯಿರಿ, ತೂತುಗಳೇ ತಪ್ಪು ತೋರಿಸುತ್ತವೆ. ಪರಿಣತರ ಜೊತೆಗೆ, ನಿಮಗಿಂತ ನಾಲ್ಕು ತಿಂಗಳು ಮುಂದಿರುವವರನ್ನೂ ನೋಡಿ, ಅವರು ತಪ್ಪಿ ತಿದ್ದಿಕೊಳ್ಳುವುದು ಕಣ್ಣಿಗೆ ಕಾಣುತ್ತದೆ.

"ಇದು ಆಪ್ತಸಲಹೆಯೋ ಹೊಲಿಗೆ ಕ್ಲಾಸೋ?" ಎಂದು ಸಹೋದ್ಯೋಗಿಯೊಬ್ಬರು ನಕ್ಕರು. ನಗಲಿ. 'ನಿಮ್ಮ ಮೇಲೆ ನಂಬಿಕೆ ಇಡಿ' ಅಂತ ಹತ್ತು ಸಲ ಹೇಳಿ ಕಳಿಸಬಹುದಿತ್ತು, ಆದರೆ ಆಕೆ ಮನೆಗೆ ಹೋಗಿ ಮತ್ತೆ ಬಟ್ಟೆ ಎಳೆಯುತ್ತಲೇ ಇರುತ್ತಿದ್ದರು.

ಮುಂದಿನ ಭೇಟಿಗೆ ಒಂದು ಕಟ್ಟು ತೂತು ಕಾಗದ ತಂದಿದ್ದರು. ಗೆರೆಗಳು ಇನ್ನೂ ಸೊಟ್ಟಗೇ ಇದ್ದವು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದರು: "ಇಲ್ಲಿ ಎಳೆದೆ".